ಏನೂ ನಡೆದಿರಲಿಲ್ಲ

ಅಕ್ಟೋಬರ್ 20, 2004, ಬುಧವಾರ

ಹೊಸ ನೋಟ್‌ಬುಕ್ಕು. ಹೊಸದು ತೆಗೆದಾಗಲೆಲ್ಲ ನಾನು ಯಾರು, ಎಲ್ಲಿದ್ದೇನೆ ಎಂದು ಮೊದಲಿನಿಂದ ಬರೆಯುವುದು ನನ್ನ ಚಾಳಿ. ನಾನು ಶಾರದಾಬಾಯಿ, ವಯಸ್ಸು ಮೂವತ್ತೆಂಟು. ಗಂಡನ ಮನೆ ಬಿಟ್ಟು ಬಂದು ಏಳು ವರ್ಷವಾಯಿತು, ಕಮಲಾಪುರದಲ್ಲಿ ಅವ್ವನ ಜೊತೆ ಇದ್ದೇನೆ. ದಿನಾ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಖೂಬಾ ಪ್ಲಾಟಿನ ಬ್ರೈಲ್ ಮುದ್ರಣ ಕೇಂದ್ರದಲ್ಲಿ ಟೈಪು ಮಾಡುತ್ತೇನೆ. ಆರು ವರ್ಷದಿಂದ ತಾತ್ಕಾಲಿಕ. ಕಮಿಟಿಯವರಿಗೆ ಬೇಡ ಅನಿಸಿದ ದಿನ ಒಂದು ಚೀಟಿ ಸಾಕು.

ಕೇಂದ್ರ ಎಂದರೆ ಎರಡು ಕೋಣೆ, ಒಂದು ಕಂಪ್ಯೂಟರು, ದಪ್ಪ ಕಾಗದದ ಮೇಲೆ ಚುಕ್ಕಿ ಒತ್ತುವ ಒಂದು ಪ್ರಿಂಟರು, ಮೂರು ಜನ. ಮ್ಯಾನೇಜರ್ ಚಂದ್ರಾಮಪ್ಪನವರು. ಹುಟ್ಟಿನಿಂದ ಕಣ್ಣಿಲ್ಲದ, ಬೆರಳಲ್ಲಿ ಓದಿ ತಪ್ಪು ತಿದ್ದುವ ಗುಲಾಮ್ ರಸೂಲ್ ಸರ್. ಮತ್ತೆ ನಾನು.

ಇವತ್ತು ಒಂದು ಕೆಲಸ ಮಾಡಿದೆ, ಯಾರಿಗೂ ಹೇಳಿಲ್ಲ. ಒಳ್ಳೆಯ ಕೆಲಸವೇ. ಆದರೆ ನಮ್ಮಲ್ಲಿ ಒಳ್ಳೆಯ ಕೆಲಸಕ್ಕೂ ಚಂದ್ರಾಮಪ್ಪನವರ ಒಪ್ಪಿಗೆ ಬೇಕು, ಅವರು ಒಪ್ಪುವ ಹೊತ್ತಿಗೆ ಕೆಲಸವೇ ಹಳತಾಗಿರುತ್ತದೆ. ಎರಡು ತಿಂಗಳಿಂದ ಕಂಪ್ಯೂಟರು ನಡುನಡುವೆ ನಿಂತುಬಿಡುತ್ತಿತ್ತು. ವೈರಸ್ ಇರಬೇಕು. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಒಂದು ಕಂಪ್ಯೂಟರ್ ಪತ್ರಿಕೆ ಕಂಡಿತು, ಜೊತೆಗೆ ಪುಕ್ಕಟೆ ಸಿ.ಡಿ. ಅದರಲ್ಲಿ ವಿಂಡೋಸಿನ ಹೊಸ ಅಪ್‌ಡೇಟು. ಹಾಕಿದರೆ ಇಂಥ ಕಾಯಿಲೆಗಳೆಲ್ಲ ಹೋಗುತ್ತವಂತೆ. ಸಂಜೆ ಎಲ್ಲರೂ ಎದ್ದ ಮೇಲೆ ಹಾಕಿ ಹಚ್ಚಿದೆ. ಹಸಿರು ಪಟ್ಟಿ ಇರುವೆಯ ಹಾಗೆ ಹೊರಟಿತು. ಐದೂವರೆಯ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. ಪರದೆ ಬಂದ್ ಮಾಡಿ, ಮೇಲೆ ಬಟ್ಟೆ ಹೊದಿಸಿ ಬಂದೆ. ತನ್ನಷ್ಟಕ್ಕೆ ತಾನು ಮುಗಿಸಿಕೊಳ್ಳುತ್ತದೆ.

ಶನಿವಾರ ಬೇಗ ಹೋಗಬೇಕು. ನಮ್ಮೂರಿನ ಕಣ್ಣಿಲ್ಲದ ಬಂಡಮ್ಮನಿಗೆಂದು ಮಾಡುತ್ತಿರುವ ಪರೀಕ್ಷೆಯ ಪುಸ್ತಕದ ನಾಲ್ಕನೇ ಸಂಪುಟ ಮುದ್ರಣಕ್ಕೆ ಬಂದಿದೆ.

ಅಕ್ಟೋಬರ್ 21, ಗುರುವಾರ

ಇವತ್ತು ಖಂಡೇ ಪೂಜೆ, ಹತ್ಯಾರಗಳನ್ನೆಲ್ಲ ಪೂಜಿಸುವ ಆಯುಧಪೂಜೆ ಎನ್ನುವುದು ನನ್ನ ತಲೆಯಲ್ಲಿ ಇರಲೇ ಇಲ್ಲವೇ? ಇತ್ತು. ಪೂಜೆ ಎಂದರೆ ಪೆಡೆ, ಚೆಂಡುಹೂವು, ಅರ್ಧ ದಿನ ರಜೆ ಎಂದಷ್ಟೇ ಇತ್ತು. ಚಂದ್ರಾಮಪ್ಪನವರು ಬೆಳಿಗ್ಗೆ ಏಳಕ್ಕೇ ಬಂದು ನೆಲ ತೊಳೆದು, ಪೂಜೆಯ ದಿನ ಯಾವ ಹತ್ಯಾರವೂ ನಡೆಯಬಾರದೆಂದು ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದಿದ್ದಾರೆ. ನಾನು ಹತ್ತಕ್ಕೆ ಹೋದಾಗ ಕಂಪ್ಯೂಟರಿಗೆ ಹೂವಿನ ಹಾರ ಬಿದ್ದಿತ್ತು. ಪೆಟ್ಟಿಗೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮೂರು ಬೆರಳಿನ ವಿಭೂತಿ. ಅಲ್ಮಾರಿಯಲ್ಲಿದ್ದ ಸಿ.ಡಿ.ಗಳೂ ಹತ್ಯಾರವೇ ತಾನೆ, ಅವನ್ನೂ ಸಾಲಾಗಿ ಇಟ್ಟು ಹೊಳೆಯುವ ಮೈಗೆ ವಿಭೂತಿ ಕುಂಕುಮ ಹಚ್ಚಿದ್ದರು.

ನಾನು ಹಚ್ಚಿದ್ದು ಇನ್ನೂ ನಡೆಯುತ್ತಿದ್ದಾಗಲೇ ಕರೆಂಟ್ ಹೋಯಿತೇ? ಆದರೆ ಬಹುಶಃ ರಾತ್ರಿಯೇ ಮುಗಿದಿರುತ್ತದೆ. ಒಂದು ತಾಸಿನ ಕೆಲಸ. ಇಡೀ ರಾತ್ರಿ ಇತ್ತಲ್ಲ.

ನಾಳೆ ದಸರಾದ ಬನ್ನಿ ಕೊಡುವ ತನಕ ಯಾರೂ ಮುಟ್ಟಬಾರದು ಎಂದು ಅವರೇ ಕೋಣೆಗೆ ಬೀಗ ಹಾಕಿದರು.

ಅಕ್ಟೋಬರ್ 23, ಶನಿವಾರ

ಮುಗಿದಿರಲಿಲ್ಲ.

ಚಾಲೂ ಮಾಡಿದರೆ ವಿಂಡೋಸಿನ ಹೆಸರು ಬರುತ್ತದೆ, ಒಂದು ಕ್ಷಣ ನೀಲಿ ಬರುತ್ತದೆ, ಆರಿ ಮತ್ತೆ ಮೊದಲಿನಿಂದ. ಹೆಸರು, ನೀಲಿ, ಕತ್ತಲು. ಹೆಸರು, ನೀಲಿ, ಕತ್ತಲು. ಹತ್ತು ಸಲ ನೋಡಿದೆ. ರಾತ್ರಿ ಎಲ್ಲೋ ನಡುವೆ ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದು ನಿಂತಿದ್ದಿರಬೇಕು, ಉತ್ತರ ಹೇಳಬೇಕಾದವಳು ಕಮಲಾಪುರದಲ್ಲಿ ರೊಟ್ಟಿ ತಿನ್ನುತ್ತಿದ್ದಳು.

ಚಂದ್ರಾಮಪ್ಪನವರು ನನ್ನ ಹಿಂದೆ ಬಂದು ನಿಂತರು. ಮೊನ್ನೆ ಸ್ವಿಚ್ ಎಳೆಯುವಾಗ ಪೆಟ್ಟಿಗೆಯ ಒಳಗೆ ಸಣ್ಣ ದೀಪ ಉರಿಯುತ್ತಿತ್ತು, ಅದನ್ನು ನೋಡಿಯೂ ಎಳೆದದ್ದಾಗಿ ತಾವಾಗಿಯೇ ಹೇಳಿದರು. ಆಮೇಲೆ ಮೆಲ್ಲಗೆ ಅಂದರು: “ನನ್ನ ಕೈಯಿಂದ ಆತು ಶಾರದಾಬಾಯಿ.”

ನಾನು ಏನೂ ಅನ್ನಲಿಲ್ಲ. ಎಳೆದಿದ್ದು ಅವರೇ ಅಲ್ಲವೇ.

ಕಷ್ಟ ಏನೆಂದರೆ ಒಳಗಿರುವ ಪ್ರೋಗ್ರಾಮು. ಕನ್ನಡದಲ್ಲಿ ಟೈಪು ಮಾಡಿದ್ದನ್ನು ಬ್ರೈಲ್ ಚುಕ್ಕಿಯಾಗಿಸಿ ಪ್ರಿಂಟರಿಗೆ ಕಳಿಸುವುದು ಅದೇ. ಬರೆದವರು ಜಗದೇವಪ್ಪ ಮಾಸ್ತರು, ರಿಟೈರ್ ಆದ ಲೆಕ್ಕದ ಮಾಸ್ತರು, ತೀರಿಕೊಂಡು ಎರಡು ವರ್ಷ. ಯಾರಾದರೂ ಕದ್ದಾರೆಂಬ ಭಯಕ್ಕೆ, ತಾವೇ ಕೂತು ಹಾಕಿದ ಈ ಒಂದು ಯಂತ್ರದಲ್ಲಿ ಮಾತ್ರ ನಡೆಯುವ ಹಾಗೆ ಬೀಗ ಹಾಕಿ ಹೋಗಿದ್ದಾರೆ. ಅವರ ಫ್ಲಾಪಿಗಳಿಗೆ ಬೂಷ್ಟು ಹಿಡಿದು ಹೋಯಿತು. ಪ್ರೋಗ್ರಾಮು ಹೋದರೆ ಹೋದಂತೆಯೇ.

ಬಂಡಮ್ಮನ ನಾಲ್ಕನೇ ಸಂಪುಟವೂ ಅದರೊಳಗೇ ಇದೆ.

ಅಕ್ಟೋಬರ್ 25, ಸೋಮವಾರ

ಸೇಡಂ ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಮಂಜೂರ್ ಬಂದಿದ್ದರು. ಒಳ್ಳೆಯ ಮನುಷ್ಯ, ಚಹಾ ಕುಡಿಯದೆ ಸ್ಕ್ರೂ ಮುಟ್ಟುವುದಿಲ್ಲ. ಸೇಫ್ ಮೋಡಿನಲ್ಲಿ ಚಾಲೂ ಮಾಡಿ ನೋಡಿದರು, ಪರದೆ ತುಂಬ ಬಿಳಿ ಸಾಲುಗಳು ಬಂದು ಒಂದು ಕಡೆ ನಿಂತವು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ಬಾಯಿ, ಕರೆಂಟ್ ಹೋದಾಗ ಇದರಾಗ ಏನ್ ನಡೆದಿತ್ರಿ?”

ಚಂದ್ರಾಮಪ್ಪನವರು ಬಾಗಿಲಲ್ಲಿ ನಿಂತಿದ್ದರು. ಗುಲಾಮ್ ರಸೂಲ್ ಸರ್ ಕುರ್ಚಿಯಲ್ಲಿ ಮುಖ ಈ ಕಡೆ ಮಾಡಿದರು.

“ಏನೂ ನಡೆದಿರಲಿಲ್ರಿ,” ಎಂದೆ.

ಹಾಗಿದ್ದರೆ ಡಿಸ್ಕೇ ಕೆಟ್ಟಿದೆ ಎಂದರು ಮಂಜೂರ್. ಸುಮ್ಮನೆ ಚಾಲೂ ಇದ್ದ ಯಂತ್ರ ಕರೆಂಟ್ ಹೋಗಿದ್ದಕ್ಕೆ ಹೀಗಾಗುವುದಿಲ್ಲವಂತೆ. ಹೊಸ ಡಿಸ್ಕು ಹಾಕಿ ಎಲ್ಲಾ ಹೊಸದಾಗಿ ಲೋಡ್ ಮಾಡಬೇಕು. ಹಳೇ ಡಿಸ್ಕಿನಿಂದ ಫೈಲುಗಳನ್ನು ತೆಗೆದುಕೊಡಬಹುದು, ಪ್ರೋಗ್ರಾಮು ಬರುವುದಿಲ್ಲ. ಪ್ರೋಗ್ರಾಮು ಇಲ್ಲದೆ ಆ ಫೈಲುಗಳನ್ನು ಏನು ಮಾಡುವುದು, ಪೂಜೆಗಿಡುವುದೇ?

ಪತ್ರಿಕೆಯ ಸಿ.ಡಿ. ಇನ್ನೂ ಪೆಟ್ಟಿಗೆಯ ತಟ್ಟೆಯೊಳಗೆ ಇತ್ತು. ಅವರು ಚಹಾದ ಕಪ್ಪು ಇಡಲು ಹೋದಾಗ ತೆಗೆದು ಚೀಲಕ್ಕೆ ಹಾಕಿಕೊಂಡೆ.

ಅಕ್ಟೋಬರ್ 26, ಮಂಗಳವಾರ

ಹೇಳಿದ್ದರೆ ಏನಾಗುತ್ತಿತ್ತು? ಚೀಟಿ ಕೊಡುತ್ತಿದ್ದರು. ಅಷ್ಟೇ. ಯಂತ್ರ ಅಂತೂ ಕೆಟ್ಟಾಗಿದೆ, ನಾನು ಹೇಳಿದರೆ ಅದೇನು ಎದ್ದು ಕೂರುತ್ತದೆಯೇ.

ಅಕ್ಟೋಬರ್ 29, ಶುಕ್ರವಾರ

ಬಸ್ಸಿನಲ್ಲಿ ಮತ್ತೆ ಬಂಡಮ್ಮ. ಆಕೆಯೂ ನಮ್ಮ ಊರಿನವಳೇ, ಊರಬಾಗಿಲ ಅಗಸಿಯ ಹತ್ತಿರದ ಮನೆ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಚಿಕ್ಕಂದಿನಲ್ಲಿ ಮೈಲಿಬೇನೆ ಬಂದು ಕಣ್ಣು ಹೋದವು. ವಾರಕ್ಕೆ ಮೂರು ದಿನ ಕೇಂದ್ರಕ್ಕೆ ಬಂದು ಬೆಂಚಿನ ಮೇಲೆ ಕೂತುಬಿಡುತ್ತಾಳೆ. ಏನಾದರೂ ಕೆಲಸವಾಯಿತೇ ಎಂದು ಕೇಳುವುದಿಲ್ಲ, ಸುಮ್ಮನೆ ಕೂರುತ್ತಾಳೆ. ಅದೇ ನನಗೆ ಕಿರಿಕಿರಿ. ಕೇಳಿದರೆ ಏನಾದರೂ ಹೇಳಬಹುದಿತ್ತು.

ಬ್ಯಾಂಕಿನ ಟೆಲಿಫೋನ್ ಆಪರೇಟರ್ ಹುದ್ದೆಯ ಪರೀಕ್ಷೆ ನವೆಂಬರ್ ಹದಿನಾಲ್ಕಕ್ಕೆ. ವಯಸ್ಸಿನ ಮಿತಿ ಪ್ರಕಾರ ಆಕೆಗೆ ಇದೇ ಕೊನೆಯದು. ಮೂರು ಸಂಪುಟ ಓದಿ ಮುಗಿಸಿದ್ದಾಳೆ. ನಾಲ್ಕನೆಯದು ಯಾವ ಅಂಗಡಿಯಲ್ಲೂ ಇಲ್ಲ. ಹದಿನೈದು ವರ್ಷದ ಪ್ರಶ್ನೆಪತ್ರಿಕೆಗಳನ್ನೆಲ್ಲ ಗುಲಾಮ್ ರಸೂಲ್ ಸರ್ ಅವರಿವರಿಂದ ಕೇಳಿ ನೆನಪಿಟ್ಟು, ಉತ್ತರ ಸಮೇತ ಎರಡು ತಿಂಗಳು ಹೇಳಿದರು, ನಾನು ನೇರ ಯಂತ್ರಕ್ಕೆ ಹೊಡೆದೆ. ತೊಂಬತ್ತಾರು ಪುಟ. ಕಾಗದದ ಮೇಲೆ ಒಂದು ಸಾಲೂ ಇಲ್ಲ.

ಸರ್ ಈಗ ನೆನಪಾದಷ್ಟನ್ನು, ಕಾಗದವನ್ನು ಬ್ರೈಲ್ ಸ್ಲೇಟಿಗೆ ಸಿಕ್ಕಿಸಿ, ಮೊಳೆಯಲ್ಲಿ ಒಂದೊಂದೇ ಚುಕ್ಕಿ ಚುಚ್ಚುತ್ತಿದ್ದಾರೆ. ವಾರದಲ್ಲಿ ಒಂಬತ್ತು ಪುಟ ಆಗಿದೆ. ಹೆಬ್ಬೆರಳು ಬಾತಿದೆ. ಟಕ್ ಟಕ್ ಟಕ್ ಎಂದು ಇಡೀ ದಿನ ನನ್ನ ಬೆನ್ನ ಹಿಂದೆ.

ಬಸ್ಸಿನಲ್ಲಿ ಬಂಡಮ್ಮ ನನ್ನ ತೋಳು ಹಿಡಿದು ಹತ್ತಿದಳು, ಯಾವಾಗಲೂ ಹಾಗೆಯೇ. “ಅಕ್ಕಾ, ಚಂದ್ರಾಮಪ್ಪನವರ್ನ ಯಾರೂ ಬೈಬ್ಯಾಡ್ರಿ ಅಂತ ಹೇಳ್ರಿ. ಪಾಪ, ತಿಳೀದ ಮಾಡ್ಯಾರ,” ಎಂದಳು.

ಕಿಟಕಿಯ ಕಡೆ ನೋಡುತ್ತ ಕೂತೆ. ಆಕೆಗೆ ನನ್ನ ಮುಖ ಕಾಣುವುದಿಲ್ಲ ಎಂದು ನೆಮ್ಮದಿಯಾಯಿತು, ಇದನ್ನು ಇಲ್ಲಿ ಮಾತ್ರ ಬರೆಯಬಲ್ಲೆ.

ನವೆಂಬರ್ 1, ಸೋಮವಾರ

ರಾಜ್ಯೋತ್ಸವದ ರಜೆ. ಅವ್ವ ಸಜ್ಜೆ ಹಸನು ಮಾಡುತ್ತಿದ್ದಳು. ಚೀಲದ ತಳದಲ್ಲಿದ್ದ ಆ ಪತ್ರಿಕೆಯನ್ನು ಒಲೆಗೆ ಹಾಕೋಣವೆಂದು ತೆಗೆದೆ. ಹಾಕುವ ಮೊದಲು ಪುಟ ತಿರುವಿದೆ. ಅಲ್ಲಿತ್ತು. ನನ್ನ ಹಣೆಬರಹವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಒಂದೂವರೆ ಪುಟ.

ನಿಧಾನಕ್ಕೆ ಮೂರು ಸಲ ಓದಿದೆ. ಅಪ್‌ಡೇಟು ಅರ್ಧಕ್ಕೆ ನಿಂತರೆ ಯಂತ್ರ ಹೀಗೆಯೇ ಸುತ್ತುತ್ತದಂತೆ. ಡಿಸ್ಕು ಕೆಟ್ಟಿರುವುದಿಲ್ಲ. ಫಾರ್ಮ್ಯಾಟ್ ಮಾಡಬೇಕಾಗಿಲ್ಲ. ಮೂಲ ಸಿ.ಡಿ.ಯಿಂದ ವಿಂಡೋಸನ್ನಷ್ಟೇ ಅದರ ಜಾಗದಲ್ಲಿಯೇ ರಿಪೇರಿ ಮಾಡಬಹುದು, ಒಳಗೆ ಹಾಕಿದ ಪ್ರೋಗ್ರಾಮುಗಳು ಇದ್ದ ಹಾಗೇ ಉಳಿಯುತ್ತವೆ.

ಅಂದರೆ ಮಂಜೂರ್ ಕೇಳಿದ್ದು ಸುಮ್ಮನೆ ಕೇಳಿದ್ದಲ್ಲ. ಅವರ ಔಷಧ ನನ್ನ ಉತ್ತರದ ಮೇಲೆ ನಿಂತಿತ್ತು. ಏನೂ ನಡೆದಿರಲಿಲ್ಲ ಎಂದು ನಾನು ಹೇಳಿದ್ದಕ್ಕೇ ಅವರು ಡಿಸ್ಕು ಕೆಟ್ಟಿದೆ ಎಂದರು. ಯಂತ್ರ ಕೆಟ್ಟಿಲ್ಲ. ನನ್ನ ಒಂದು ಮಾತಿನಲ್ಲಿ ಸಿಕ್ಕಿಕೊಂಡು ಬಿದ್ದಿದೆ.

ಈಗ ಹೇಗೆ ಹೇಳಲಿ? ಮೊದಲ ದಿನ ಹೇಳಿದ್ದರೆ ತಪ್ಪು. ಹತ್ತು ದಿನ ಬಿಟ್ಟು ಹೇಳಿದರೆ ಅದಕ್ಕೆ ಬೇರೆಯೇ ಹೆಸರು. ಯಾರಿಗೂ ಹೇಳದೆ ನಾನೇ ಸರಿ ಮಾಡಿದರೆ? ಯಂತ್ರ ತಾನಾಗಿ ಎದ್ದಿತು ಎಂದು ಹೇಳಿದರಾಯಿತು.

ನವೆಂಬರ್ 3, ಬುಧವಾರ

ಮಧ್ಯಾಹ್ನ ಚಂದ್ರಾಮಪ್ಪನವರು ಊಟಕ್ಕೆ ಬ್ರಹ್ಮಪುರದ ಮನೆಗೆ ಹೋದರು, ಸರ್ ನಮಾಜಿಗೆ. ನನಗೆ ಒಂದು ತಾಸು.

ಮೂಲ ಸಿ.ಡಿ.ಯನ್ನು ಅಲ್ಮಾರಿಯಿಂದ ತೆಗೆದೆ. ಮೈಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಒಣಗಿ ಗಟ್ಟಿಯಾಗಿತ್ತು. ಸೆರಗನ್ನು ಒದ್ದೆ ಮಾಡಿ ಒರೆಸಿದೆ. ಸಿ.ಡಿ.ಗೆ ಕ್ಷಮಿಸು ಎಂದೆ, ದೇವರಿಗೂ ಎಂದೆ. ಹಾಕಿದೆ. ನೀಲಿ ಪರದೆ ಬಂತು. ರಿಪೇರಿಗೆ ‘ಆರ್’ ಒತ್ತಿ ಎಂದು ಬರೆದಿತ್ತು. ಒತ್ತಿದೆ. ಕಪ್ಪು ಪರದೆ ಬಂದು ಪಾಸ್‌ವರ್ಡ್ ಕೇಳಿತು. ಜಗದೇವಪ್ಪ ಮಾಸ್ತರು ಇಟ್ಟಿದ್ದಿರಬೇಕು. ಅವರ ಹೆಸರು ಹೊಡೆದೆ. ಹೆಂಡತಿಯ ಹೆಸರು ಹೊಡೆದೆ. ಶರಣಬಸವೇಶ್ವರ ಎಂದು ಹೊಡೆದೆ. ಮೂರಕ್ಕೂ ತಪ್ಪು ಎಂದು ತಾನೇ ಬಂದಾಯಿತು.

ಪತ್ರಿಕೆ ತೆಗೆದು ಮತ್ತೆ ಓದಿದೆ. ಮೊದಲ ‘ಆರ್’ ಅಲ್ಲವಂತೆ. ಅದನ್ನು ಬಿಟ್ಟು, ಹೊಸದಾಗಿ ಹಾಕುವವರ ಹಾಗೆ ಎಂಟರ್ ಒತ್ತಿ ಮುಂದೆ ಹೋಗಬೇಕು. ಆಗ ಹಳೇ ವಿಂಡೋಸು ಕಂಡಿತು, ಏನು ಮಾಡಲಿ ಎಂದು ಕೇಳುತ್ತದೆ, ಅಲ್ಲಿ ಎರಡನೇ ‘ಆರ್’. ಅಲ್ಲಿ ಕೇಳದೇ ಹೋದರೆ ತಕ್ಷಣ ನಿಲ್ಲಿಸಬೇಕು, ಇಲ್ಲದಿದ್ದರೆ ಎಲ್ಲಾ ಅಳಿಸಿಹೋಗುತ್ತದೆ. ಕೊನೆಗೆ ಇಪ್ಪತ್ತೈದು ಅಕ್ಷರದ ಕೀ ಬೇಕು. ಅದು ಪೆಟ್ಟಿಗೆಯ ಬದಿಯ ಚೀಟಿಯ ಮೇಲೆ ಇರುತ್ತದೆ.

ಚೀಟಿ ಇದೆ. ಪ್ರತಿ ವರ್ಷ ಖಂಡೇ ಪೂಜೆಗೆ ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಬಿಳಿ ಕಾಗದ ಆಗಿದೆ.

ಅಕ್ಷರಗಳನ್ನು ಚಂದ್ರಾಮಪ್ಪನವರು ಯಂತ್ರ ಬಂದ ದಿನವೇ ತಮ್ಮ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದಾರೆ, ಗೊತ್ತು. ಅವರ ಮೇಜಿನ ಖಾನೆಯಲ್ಲಿದೆ. ಖಾನೆಗೆ ಬೀಗ. ಬೀಗದ ಕೈ ಅವರ ಸೊಂಟದ ಉಡದಾರದಲ್ಲಿ.

ಮೆಟ್ಟಿಲ ಮೇಲೆ ಸರ್ ಅವರ ಕೋಲಿನ ಸದ್ದು ಕೇಳಿ ಎಲ್ಲವನ್ನೂ ಮುಚ್ಚಿದೆ. ಅವರು ಒಳಗೆ ಬಂದು ಸ್ವಲ್ಪ ಹೊತ್ತು ನಿಂತು, ಯಂತ್ರ ಬಿಸಿಯಾದ ವಾಸನೆ ಬರುತ್ತಿದೆ ಎಂದರು. ನಾನು ಇಸ್ತ್ರಿಯವನ ಗಾಡಿ ಹೋಯಿತು ಎಂದೆ. ಸುಳ್ಳು ಹೇಳುವುದು ಈಗ ಎಷ್ಟು ಸಲೀಸು.

ನವೆಂಬರ್ 4, ಗುರುವಾರ

ಟಕ್ ಟಕ್ ಟಕ್. ಹದಿನಾರು ಪುಟ.

ನವೆಂಬರ್ 5, ಶುಕ್ರವಾರ

ಚಂದ್ರಾಮಪ್ಪನವರು ಯಂತ್ರದ ಕೋಣೆಯೊಳಗೆ ಕಾಲಿಡುವುದನ್ನೇ ಬಿಟ್ಟಿದ್ದಾರೆ. ಹೊಸ್ತಿಲಲ್ಲಿ ನಿಂತು ಮಾತಾಡಿ ಹೋಗುತ್ತಾರೆ. ಫ್ಯಾನಿನ ಬಟನ್ನು ಕೂಡ ನನಗೆ ಹಾಕಲು ಹೇಳುತ್ತಾರೆ. ಇಪ್ಪತ್ತಾರು ವರ್ಷ ಕೆಲಸ ಮಾಡಿದ ಕೈಯನ್ನು ಅವರು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಾರೆ.

ಕಮಿಟಿ ಸೇರಿತ್ತು. ಸೋಮವಾರ ಮಂಜೂರ್ ಹೊಸ ಡಿಸ್ಕು ಹಾಕುವುದು, ಹಳೆಯದನ್ನು ತೆಗೆದು ಎಸೆಯುವುದು ಎಂದು ತೀರ್ಮಾನ. ಹಬ್ಬ ಮುಗಿದ ಮೇಲೆ ಬೆಂಗಳೂರಿನಿಂದ ಯಾವುದಾದರೂ ಬೇರೆ ಪ್ರೋಗ್ರಾಮು ಸಿಕ್ಕೀತೇ ನೋಡುವುದು. ಚಂದ್ರಾಮಪ್ಪನವರು ತಮ್ಮ ತಪ್ಪನ್ನು ಒಪ್ಪಿ ಬರೆದುಕೊಟ್ಟಿದ್ದಾರೆ. ಆ ಪತ್ರವನ್ನು ಟೈಪು ಮಾಡಲು ನನಗೇ ಕೊಟ್ಟರು, ಹಳೇ ಟೈಪ್‌ರೈಟರಿನಲ್ಲಿ. “ನನ್ನ ಅಜ್ಞಾನದಿಂದ” ಎಂದು ಬರೆದಿದ್ದರು.

ಟೈಪು ಮಾಡಿಕೊಟ್ಟೆ. ತಪ್ಪಿಲ್ಲದೆ ಮಾಡಿಕೊಟ್ಟೆ.

ಬಾಗಿಲಿರುವ ಕಡೆಯೇ ಗೋಡೆ ಎದ್ದಿದೆ. ಹೇಳಿದರೆ ಕೆಲಸ ಹೋಗುತ್ತದೆ, ಅವ್ವ, ನಾನು, ಇಬ್ಬರ ಅನ್ನ. ಹೇಳದಿದ್ದರೆ ಸೋಮವಾರ ಆ ಪೆಟ್ಟಿಗೆಯಿಂದ ಮಾಸ್ತರರ ಪ್ರೋಗ್ರಾಮು, ಬಂಡಮ್ಮನ ತೊಂಬತ್ತಾರು ಪುಟ, ಇಡೀ ಜಿಲ್ಲೆಯ ಕುರುಡು ಮಕ್ಕಳ ಮುಂದಿನ ಪುಸ್ತಕ ಎಲ್ಲಾ ಹೊರಗೆ ಬೀಳುತ್ತವೆ. ಎರಡೂ ಕಡೆ ನಾನೇ ನಿಂತಿದ್ದೇನೆ.

ನವೆಂಬರ್ 7, ಭಾನುವಾರ

ಅವ್ವನಿಗೆ ಹೇಳಿದೆ. ಕಂಪ್ಯೂಟರು ಅಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ಪೂರ್ತಿ ಕೇಳಿ, “ಆ ಮನಶ್ಯಾ ಉಣ್ತಾನೇನ?” ಎಂದು ಕೇಳಿದಳು. ಚಂದ್ರಾಮಪ್ಪನವರನ್ನು ಕುರಿತು. ನನಗೆ ಗೊತ್ತಿರಲಿಲ್ಲ.

ನವೆಂಬರ್ 8, ಸೋಮವಾರ

ಕೈ ನೋಯುತ್ತಿದೆ, ಆದರೂ ಎಲ್ಲಾ ಬರೆದಿಡಬೇಕು.

ಹನ್ನೊಂದಕ್ಕೆ ಮಂಜೂರ್ ಬಂದರು. ಹೊಸ ಡಿಸ್ಕು ಬೆಳ್ಳಿಯ ಬಣ್ಣದ ಚೀಲದಲ್ಲಿತ್ತು. ಚಹಾ ಕುಡಿದರು. ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿ ಮೊದಲ ಸ್ಕ್ರೂ ತೆಗೆದರು. ಎರಡನೆಯದಕ್ಕೆ ಕೈ ಹಾಕಿದಾಗ ಹೇಳಿದೆ. ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಅರ್ಧ ದಾರಿ ಜೋಡಿಸಿಕೊಂಡಿದ್ದೆ, ಒಂದು ಮಾತೂ ನೆನಪಾಗಲಿಲ್ಲ.

“ಮಂಜೂರ್, ನಿಲ್ರಿ. ಏನ್ ನಡೆದಿತ್ತು ಅಂತ ಅವತ್ತ ಕೇಳಿದ್ರಲ್ಲ. ನಡೆದಿತ್ರಿ. ಅಪ್‌ಡೇಟ್ ನಡೆದಿತ್ತು. ನಾನೇ ಹಚ್ಚಿ ಊರಿಗಿ ಹೋಗಿದ್ದೆ. ಸಾಹೇಬರ ತಪ್ಪಲ್ಲ, ಅವರಿಗಿ ನಾ ಹೇಳಿದ್ದೇ ಇಲ್ಲ.”

ಸರ್ ಅವರ ಟಕ್ ಟಕ್ ನಿಂತಿತು. ಚಂದ್ರಾಮಪ್ಪನವರು ಹೊಸ್ತಿಲಲ್ಲೇ ಇದ್ದರು. ಅವರ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಮಂಜೂರ್ ಮಾತ್ರ ನನ್ನನ್ನು ಒಂದು ಗಳಿಗೆ ನೋಡಿ, ಸ್ಕ್ರೂವನ್ನು ಮತ್ತೆ ಅದರ ಜಾಗಕ್ಕೆ ತಿರುಗಿಸಿದರು. ಅಪ್‌ಡೇಟು ಎಂದರೆ ಡಿಸ್ಕು ಸರಿ ಇದೆ, ಮೂಲ ಸಿ.ಡಿ. ಕೊಡಿ ಎಂದರು. ನಾನು ಪತ್ರಿಕೆಯ ಪುಟವನ್ನೂ ಮುಂದಿಟ್ಟೆ. ಅವರು ಓದಿ, ಈ ರಿಪೇರಿಯನ್ನು ತಾವೂ ಎರಡೇ ಸಲ ಮಾಡಿದ್ದು, ಒಂದು ಸಲ ಕೆಟ್ಟಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಮೊದಲ ‘ಆರ್’ ಬಿಟ್ಟೆವು. ಎಂಟರ್. ಷರತ್ತಿಗೆ ಒಪ್ಪಿಗೆಯೆಂದು ಎಫ್ ಎಂಟು. ಯಂತ್ರ ಹುಡುಕುತ್ತ ಕೂತಿತು. ಕೊನೆಗೆ ಹಳೇ ವಿಂಡೋಸಿನ ಹೆಸರು ಬಂತು, ಕೆಳಗೆ ರಿಪೇರಿ ಮಾಡಲೇ ಎಂಬ ಪ್ರಶ್ನೆಯೂ ಬಂತು. ಮಂಜೂರ್ ಕೈ ಹಿಂದೆ ತೆಗೆದು, ನೀವೇ ಒತ್ತಿ ಎಂದರು. ಒತ್ತಿದೆ.

ಇನ್ನು ಹಿಂದೆ ಹೋಗುವ ಹಾಗಿಲ್ಲ. ಅರ್ಧದಲ್ಲಿ ಒಂದು ಫೈಲು ಓದಲಾಗುತ್ತಿಲ್ಲ ಎಂದು ನಿಂತಿತು. ಸಿ.ಡಿ. ತೆಗೆದು ನೋಡಿದರೆ ಅಂಚಿನಲ್ಲಿ ಇನ್ನೂ ಒಂದು ಬೆರಳಗಲ ವಿಭೂತಿ. ಒರೆಸಿ ಎಂಟರ್. ಮತ್ತೆ ನಿಂತಿತು. ಮತ್ತೆ ಒರೆಸಿ ಎಂಟರ್. ಮೂರನೇ ಸಲಕ್ಕೆ ಹೊರಟಿತು. ಆಗ ಯಾರೋ ಹೊಸ್ತಿಲು ದಾಟಿ ಒಳಗೆ ಬಂದು, ಗೋಡೆಯ ಮೇನ್ ಸ್ವಿಚ್ಚಿನ ಕೆಳಗೆ ಸ್ಟೂಲು ಹಾಕಿಕೊಂಡು ಕೂತ ಸದ್ದಾಯಿತು. ತಿರುಗದೆಯೂ ಗೊತ್ತಾಯಿತು.

ಮೂವತ್ತೊಂಬತ್ತು ನಿಮಿಷ ಉಳಿದಿದೆ ಎಂದು ತೋರಿಸಿತು. ಸ್ವಲ್ಪ ಹೊತ್ತಿಗೆ ಕೀ ಕೇಳಿತು. ಚಂದ್ರಾಮಪ್ಪನವರು ಎದ್ದು ಹೋಗಿ ರಿಜಿಸ್ಟರು ತಂದರು. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು, ನಾನು ತಪ್ಪಬಾರದೆಂದು ಗುರುತು ಸಮೇತ. ಬಸವಣ್ಣನ ಬಿ. ಮಾದೇವನ ಎಂ. ಕಲ್ಯಾಣದ ಕೆ. ಇಪ್ಪತ್ತೈದು ಅಕ್ಷರ ಓದುವ ತನಕ ಒಂದು ಸಲವೂ ನನ್ನ ಹೆಸರು ಹಿಡಿದು ಮಾತಾಡಲಿಲ್ಲ.

ಎರಡಕ್ಕೆ ವಿಂಡೋಸು ಎದ್ದಿತು. ಪರದೆಯ ಮೂಲೆಯಲ್ಲಿ ಮಾಸ್ತರರ ಪ್ರೋಗ್ರಾಮಿನ ಗುರುತು ಇತ್ತು. ಒತ್ತಿದೆ. ಅವರ ಹಳೇ ಸ್ವಾಗತದ ಸಾಲು ಬಂತು. ನಾಲ್ಕನೇ ಸಂಪುಟ ತೆರೆಯಿತು, ತೊಂಬತ್ತಾರು ಪುಟವೂ. ಮೊದಲ ಹಾಳೆ ಪ್ರಿಂಟರಿನಿಂದ ಹೊರಬಂದಾಗ ಸರ್ ಬಾತ ಹೆಬ್ಬೆರಳನ್ನು ಬಿಟ್ಟು ಉಳಿದ ಬೆರಳಲ್ಲಿ ಓದಿ, “ಬರೋಬರಿ ಅದ,” ಎಂದರು. ನನಗೆ ಅಳು ಬಂತು. ಯಾರೂ ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ಎಲ್ಲಾ ಮುಗಿದ ಮೇಲೆ ಕೇಂದ್ರಕ್ಕೆ ಬಂದಿದ್ದ ಬಂಡಮ್ಮನಿಗೆ ಸಂಜೆ ಬಸ್ಸಿನಲ್ಲಿ ನಾನೇ ಹೇಳಿದೆ. ಬೇರೆಯವರು ಹೇಳುವ ಮೊದಲು ಹೇಳಬೇಕೆನಿಸಿತು. ಮಹಾಗಾಂವ ದಾಟಿದ ಮೇಲೆ, ಎಲ್ಲಾ ಪುಟ ಎಂದು ಸಿಗುತ್ತವೆ ಎಂದಷ್ಟೇ ಕೇಳಿದಳು. ಅರ್ಧ ನಾಳೆ, ಅರ್ಧ ನಾಡಿದ್ದು ಎಂದೆ.

ನವೆಂಬರ್ 9, ಮಂಗಳವಾರ

ಐವತ್ತು ಪುಟ ಮುದ್ರಿಸಿ ಬಂಡಮ್ಮನ ಕೈಗೆ ಕೊಟ್ಟೆ. ಮಧ್ಯದಲ್ಲಿ ಪ್ರಿಂಟರಿಗೆ ಕಾಗದ ಸಿಕ್ಕಿ ಒಂದು ತಾಸು ಹೋಯಿತು.

ಚಂದ್ರಾಮಪ್ಪನವರು ಮೇಜಿಗೆ ಬಂದರು. ಬೈಯುತ್ತಾರೆಂದು ಕಾದಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. “ಹದಿನಾರ್ ದಿನಾ ಆತು ಶಾರದಾಬಾಯಿ,” ಎಂದರು. “ನನ್ನ ಕೈ ಸರಿ ಇಲ್ಲಂತ ಮೊಮ್ಮಗಳ ಹಣಿಗಿ ವಿಭೂತಿ ಸೈತ ಹಚ್ಚಲಿಲ್ಲ. ಆ ದಿನಾ ನನಗ ಯಾರ್ ತಿರುಗಿ ಕೊಡ್ತಾರ?”

ಯಾರೂ ಕೊಡಲಾರರು ಎಂದೆ. ಅವರು ತಲೆಯಾಡಿಸಿ ಹೋದರು. ಅವರು ಬರೆದುಕೊಟ್ಟಿದ್ದ ಪತ್ರವನ್ನು ಕಮಿಟಿಯಿಂದ ಹಿಂದಕ್ಕೆ ಪಡೆಯಲು ಇನ್ನೊಂದು ಪತ್ರ ಟೈಪು ಮಾಡಿದೆ, ಈ ಸಲ ನನ್ನ ಹೆಸರಿನಲ್ಲಿ. ಅಜ್ಞಾನದಿಂದ ಎಂದು ಬರೆಯಲಿಲ್ಲ. ಗೊತ್ತಿದ್ದೂ ಹೇಳಲಿಲ್ಲ ಎಂದು ಬರೆದೆ.

ನಾಳೆ ಉಳಿದ ನಲವತ್ತಾರು ಪುಟ. ಎಪ್ಪತ್ತೇಳನೇ ಪುಟದಲ್ಲಿ ಒಂದು ಸಾಲು ಎರಡು ಸಲ ಬಂದಿದೆ, ತಿದ್ದಬೇಕು.

ನವೆಂಬರ್ 10, ಬುಧವಾರ

ಉಳಿದದ್ದೂ ಮುಗಿಯಿತು. ಹೊಲಿದು, ರಟ್ಟು ಹಚ್ಚಿ, ರಾತ್ರಿಯಾಗುವ ಮೊದಲು ಅಗಸಿಯ ಮನೆಗೆ ಮುಟ್ಟಿಸಿ ಬಂದೆ. ಪ್ರೋಗ್ರಾಮಿನ ಬಗ್ಗೆ ಮಂಜೂರ್ ಒಂದು ದಾರಿ ಹೇಳಿದರು: ಇಡೀ ಡಿಸ್ಕನ್ನೇ ಇದ್ದಂತೆ ಇನ್ನೊಂದಕ್ಕೆ ಇಳಿಸಿಡುವುದು. ಕಮಿಟಿ ತಂದ ಹೊಸ ಡಿಸ್ಕಿಗೆ ಹಬ್ಬದ ಮೇಲೆ ಅದೇ ಕೆಲಸ. ರಿಪೇರಿಯ ಹಂತಗಳನ್ನು ಒಂದೊಂದಾಗಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ, ಸರ್‌ಗಾಗಿ ಬ್ರೈಲಿನಲ್ಲೂ ಒಂದು ಹಾಳೆ. ಎರಡನೇ ‘ಆರ್’ ಎಂಬಲ್ಲಿ ಎರಡು ಗೆರೆ ಎಳೆದೆ.

ಕಮಿಟಿಯ ಚೀಟಿ ಬಂತು. ನನ್ನ ಕೆಲಸ ತಿಂಗಳ ಕೊನೆಯ ತನಕ.

ನವೆಂಬರ್ 13, ಶನಿವಾರ

ದೀಪಾವಳಿ ಪಾಡ್ಯ. ಅವ್ವ ಹೋಳಿಗೆ ಮಾಡಿದ್ದಳು, ನಾಲ್ಕು ಕಟ್ಟಿಕೊಂಡು ಬಂಡಮ್ಮನ ಮನೆಗೆ ಹೋದೆ. ಓಣಿಯಲ್ಲೆಲ್ಲ ಪಟಾಕಿ. ಆಕೆ ಒಳಕೋಣೆಯಲ್ಲಿ ಗೋಡೆಗೆ ಒರಗಿ ಓದುತ್ತಿದ್ದಳು. ಎಪ್ಪತ್ತನೇ ಪುಟ. ನಾನು ಉಳಿದದ್ದನ್ನು ಸರ್ ಹೇಳಿದ್ದರಲ್ಲಿ ನೆನಪಿದ್ದಷ್ಟು ಬಾಯಲ್ಲಿ ಹೇಳಲೇ ಎಂದೆ. ಬೇಡ, ಬೆರಳಿಗೆ ಹತ್ತಿದರೇ ತನಗೆ ಉಳಿಯುವುದು ಎಂದಳು. ಹೋಳಿಗೆಯನ್ನು ಆಮೇಲೆ ತಿನ್ನುತ್ತೇನೆ ಎಂದು ಪಕ್ಕಕ್ಕಿಟ್ಟಳು. ಹೆಚ್ಚು ಹೊತ್ತು ಕೂರಲಿಲ್ಲ.

ನವೆಂಬರ್ 14, ಭಾನುವಾರ

ಬೆಳಿಗ್ಗೆಯ ಬಸ್ಸಿನಲ್ಲಿ ಹಬ್ಬ ಮುಗಿಸಿ ಹೊರಟ ಜನ. ಬಂಡಮ್ಮನೂ ನಾನೂ ಕಲಬುರಗಿಯ ತನಕ ನಿಂತೇ ಬಂದೆವು, ಪುಸ್ತಕ ತೆರೆಯಲು ಜಾಗವಿರಲಿಲ್ಲ. ಪರೀಕ್ಷೆ ಸೇಡಂ ರಸ್ತೆಯ ಒಂದು ಶಾಲೆಯಲ್ಲಿ. ಆಕೆ ಹೇಳಿದ್ದನ್ನು ಬರೆಯುವ ಹುಡುಗಿ ಗೇಟಿನಲ್ಲೇ ಸಿಕ್ಕಿ ಒಳಗೆ ಕರೆದುಕೊಂಡು ಹೋದಳು. ನಾನು ಹೊರಗಿನ ಬೇವಿನ ಮರದ ಕಟ್ಟೆಯಲ್ಲಿ ಮೂರು ತಾಸು ಕೂತೆ.

ಬಂಡಮ್ಮ ಹೊರಗೆ ಬಂದವಳೇ ಕಟ್ಟೆಯ ಮೇಲೆ ಕೂತು, ಚೀಲದಿಂದ ನಾಲ್ಕನೇ ಸಂಪುಟ ತೆಗೆದಳು. ಎಂಬತ್ತನೇ ಪುಟದಲ್ಲಿ ಗುರುತಿಗೆ ಒಂದು ದಾರ ಇಟ್ಟಿದ್ದಳು. ಅಲ್ಲಿಂದ ಮುಂದಕ್ಕೆ ಬೆರಳು ಓಡಿಸುತ್ತ ಹೋದಳು. ಎಂಬತ್ತೆಂಟರಲ್ಲಿ ಬೆರಳು ನಿಂತಿತು. ಹಿಂದೆ ಹೋಗಿ ಮತ್ತೆ ಓದಿದಳು.

ನಾಲ್ಕು ಪ್ರಶ್ನೆ ಈ ಪುಟಗಳಿಂದಲೇ ಬಂದಿದ್ದವಂತೆ. ನಾಲ್ಕನ್ನೂ ಬಿಟ್ಟಿದ್ದಾಳೆ. ಉಳಿದದ್ದೆಲ್ಲ ಬರೆಸಿದ್ದಾಳೆ.

ಪುಸ್ತಕ ಮುಚ್ಚಿ ಒಂದು ಮಾತು ಕೇಳಿದಳು. “ಅಕ್ಕಾ, ಖರೇ ಹೇಳ್ರಿ. ಮಂಜೂರ್ ಕೇಳಿದ ದಿನಾನೇ ನೀವು ಹೇಳಿದ್ರ, ಅವತ್ತೇ ಆಗ್ತಿತ್ತಾ?”

ಡಿಸ್ಕು ನಿಜವಾಗಿ ಕೆಟ್ಟಿರಬಹುದಿತ್ತು, ಸಿ.ಡಿ. ಓದದೇ ಇರಬಹುದಿತ್ತು, ಮಂಜೂರ್ ಕೂಡ ಒಂದು ಸಲ ಕೆಡಿಸಿದ್ದರು. ಇವೆಲ್ಲ ಹೇಳಬಹುದಾಗಿತ್ತು, ಸುಳ್ಳೂ ಆಗುತ್ತಿರಲಿಲ್ಲ.

“ಆಗ್ತಿತ್ತು,” ಎಂದೆ.

ಆಕೆ ಹೂಂ ಎಂದು ಎದ್ದಳು. ರಸ್ತೆಗೆ ಬಂದು, ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆವು. ನಮ್ಮೂರಿನ ಮೇಲೆ ಹೋಗುವ ಹುಮನಾಬಾದಿನ ಬಸ್ಸು ನಿಂತಿತ್ತು. ಆಕೆ ನನ್ನ ತೋಳು ಹಿಡಿಯಲಿಲ್ಲ. ಬಾಗಿಲ ಸರಳನ್ನು ತಾನೇ ತಡವಿ ಹುಡುಕಿ ಹತ್ತಿದಳು, ಎರಡನೇ ಸಾಲಿನಲ್ಲಿ ಕಿಟಕಿಗೆ ಕೂತು ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಳು. ನಾನು ಹತ್ತಿ, ಕಂಬ ಹಿಡಿದು ನಿಂತೆ. ಕಂಡಕ್ಟರ್ ಬಂದು ಮುಂದೆ ಸರಿಯಿರಿ ಎಂದ. ಸರಿಯಲಿಲ್ಲ. ಬಸ್ಸು ಊರು ದಾಟಿತು. ಮಹಾಗಾಂವ ಕ್ರಾಸಿನ ಹತ್ತಿರ ಆಕೆ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಮುಖ ಕಿಟಕಿಯ ಕಡೆಯೇ ಇತ್ತು. ಕೂತೆ.